ಫೋನಿನ ಚುಕ್ಕೆ ರಸ್ತೆಯ ಆಚೆ ಬದಿಗೆ ಬೀಳುತ್ತಿದೆ: ಮೊಬೈಲ್ ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಸಂಶೋಧನೆಗೆ ಸಲಹೆ ಬೇಕಾಗಿದೆ

ಪ್ರಶ್ನೆ: ನಕಾಶೆಪ್ರಿಯೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಭೂಗೋಳ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಈಗ ಎರಡನೆಯ ವರ್ಷ. ಫುಟ್‌ಪಾತಿನ ಮೇಲಿರುವ ಅಡಚಣೆಗಳನ್ನು, ಅಂದರೆ ಟ್ರಾನ್ಸ್‌ಫಾರ್ಮರ್, ಎದ್ದುಹೋದ ಚಪ್ಪಡಿ, ಅಡ್ಡ ನಿಲ್ಲಿಸಿದ ಸ್ಕೂಟರ್, ಮುಂದಕ್ಕೆ ಚಾಚಿದ ಅಂಗಡಿ ಮುಂತಾದವನ್ನು, ಫೋನಿನಲ್ಲಿಯೇ ಸ್ಥಳಸಮೇತ ದಾಖಲಿಸಿ, ಗಾಲಿಕುರ್ಚಿ ಬಳಸುವವರಿಗೂ ವಯಸ್ಸಾದವರಿಗೂ ‘ಈ ರಸ್ತೆಯಲ್ಲಿ ಯಾವ ಬದಿ ಹಿಡಿದು ಹೋದರೆ ಸುಲಭ’ ಎಂದು ತಿಳಿಸುವ ಸೇವೆಯೊಂದರ ಮಾದರಿಯನ್ನು ಸಿದ್ಧಪಡಿಸುವುದು ನನ್ನ ವಿಷಯ.

ನಕ್ಷೆಯ ಮೇಲೆ ಮಾಹಿತಿ ದಾಖಲಿಸುವ ಕ್ಯೂಫೀಲ್ಡ್ ಆ್ಯಪಿನಲ್ಲಿ ಫಾರಂ ಮಾಡಿಕೊಂಡು ಮಲ್ಲೇಶ್ವರದ ಸಂಪಿಗೆ ರಸ್ತೆಯ ಆಸುಪಾಸಿನಲ್ಲಿಯೂ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಒಳಗಲ್ಲಿಗಳಲ್ಲಿಯೂ ಮೊದಲ ಸುತ್ತಿನ ಕ್ಷೇತ್ರಕಾರ್ಯ ಮುಗಿಸಿದೆ. ಮಲ್ಲೇಶ್ವರದ ಚುಕ್ಕೆಗಳು ಒಂದು ಮಟ್ಟಿಗೆ ಸರಿಯಾಗಿವೆ. ಪೇಟೆಯ ಚುಕ್ಕೆಗಳಲ್ಲಿ ಮೂರರಲ್ಲೊಂದು ಭಾಗದಷ್ಟು ರಸ್ತೆಯ ಎದುರು ಬದಿಗೆ ಬಿದ್ದಿವೆ. ಕೆಲವಂತೂ ಪಕ್ಕದ ಗಲ್ಲಿಯ ಕಟ್ಟಡದ ತಾರಸಿಯ ಮೇಲೆ ಕುಳಿತಿವೆ. ಆದರೆ ಅವುಗಳನ್ನು ದಾಖಲಿಸುವಾಗ ಫೋನಿನ ಪರದೆ 4 ಅಥವಾ 5 ಮೀಟರ್ ನಿಖರತೆ ಎಂದೇ ತೋರಿಸುತ್ತಿತ್ತು. ‘ಉಪಕರಣವೇ ಐದು ಮೀಟರ್ ಎನ್ನುವಾಗ ನಿಮ್ಮ ಚುಕ್ಕೆ ಹದಿನೈದು ಮೀಟರ್ ಆಚೆ ಹೇಗೆ ಹೋಯಿತು’ ಎಂದು ನನ್ನ ಮಾರ್ಗದರ್ಶಕರು ಕೇಳಿದ್ದಾರೆ. ನನ್ನಲ್ಲಿ ಉತ್ತರವಿಲ್ಲ.

ಎರಡನೆಯ ಸುತ್ತಿನಲ್ಲಿ ಸ್ವಯಂಸೇವಕರ ಫೋನುಗಳಲ್ಲಿ ಅವರು ನಡೆದ ಜಾಡನ್ನು ನಿರಂತರವಾಗಿ ದಾಖಲಿಸಬೇಕೆಂಬ ಯೋಜನೆಯಿದೆ. ಪ್ರಯೋಗಕ್ಕೆಂದು ಇಬ್ಬರು ಗೆಳತಿಯರಿಗೆ ಕೊಟ್ಟು ನೋಡಿದಾಗ, ಫೋನು ಬ್ಯಾಗಿನೊಳಗೆ ಹೋದ ಸ್ವಲ್ಪ ಹೊತ್ತಿಗೆ ದಾಖಲೆ ನಿಂತೇ ಹೋಗುತ್ತಿತ್ತು. ಇದನ್ನು ಸರಿಪಡಿಸುವ ದಾರಿ ಯಾವುದು? ಇನ್ನೊಂದು ಸಂಶಯ ಸ್ವಲ್ಪ ದೊಡ್ಡದು. ಕೋಟ್ಯಂತರ ಜನರ ಸ್ಥಳದ ಮಾಹಿತಿ ದೊಡ್ಡ ಕಂಪನಿಗಳ ಬಳಿ ಇರುವಾಗ, ಒಂದು ಫೋನು ಹಿಡಿದು ಗಲ್ಲಿ ಸುತ್ತುವ ಒಬ್ಬ ವಿದ್ಯಾರ್ಥಿನಿಗೆ ಈ ಕ್ಷೇತ್ರದಲ್ಲಿ ಹೊಸದಾಗಿ ಹೇಳುವಂಥದ್ದು ಏನಾದರೂ ಉಳಿದಿದೆಯೇ?

ಉತ್ತರ 1: ಸರಪಳಿ

ಮೂವತ್ತು ವರ್ಷ ಭೂಮಾಪನದ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ; ಉಳಿದವಕ್ಕೆ ನನಗಿಂತ ಚಿಕ್ಕವರು ಬಲ್ಲವರಿದ್ದಾರೆ.

ಆಂಡ್ರಾಯ್ಡ್ ಫೋನು ‘5 ಮೀಟರ್’ ಎಂದು ತೋರಿಸುವುದು ಗರಿಷ್ಠ ದೋಷವನ್ನಲ್ಲ. ನಿಜವಾದ ಸ್ಥಾನವು ಚುಕ್ಕೆಯ ಸುತ್ತ 5 ಮೀಟರ್ ತ್ರಿಜ್ಯದ ವೃತ್ತದೊಳಗೆ ಇರುವ ಸಂಭವ ಶೇಕಡ 68 ಎಂದಷ್ಟೇ ಅದರ ಅರ್ಥ. ಅಂದರೆ ಮೂರು ಸಲದಲ್ಲಿ ಒಂದು ಸಲ ಅದು ವೃತ್ತದ ಹೊರಗಿರಬಹುದು ಎಂದು ಫೋನು ತಾನಾಗಿಯೇ ಒಪ್ಪಿಕೊಂಡಿದೆ. ನಾವು ಗಮನಿಸಲಿಲ್ಲ, ಅಷ್ಟೆ. ದೋಷವು ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ಹರಡಿದೆ ಎಂದು ಭಾವಿಸಿ ಲೆಕ್ಕ ಹಾಕಿದರೆ, ಶೇಕಡ 68ರ ಸಂಭವಕ್ಕೆ 5 ಮೀಟರ್ ಇರುವ ತ್ರಿಜ್ಯ ಶೇಕಡ 95ಕ್ಕೆ ಸುಮಾರು 8 ಮೀಟರ್ ಆಗುತ್ತದೆ. ಈಗ ನಿಮ್ಮ ಗಲ್ಲಿಗೆ ಬನ್ನಿ. ಎರಡು ಬದಿಯ ಫುಟ್‌ಪಾತುಗಳ ನಡುಮಧ್ಯದ ಅಂತರ 6 ಮೀಟರ್ ಇದ್ದರೆ, ಚುಕ್ಕೆ 3 ಮೀಟರ್ ಜರುಗಿದರೆ ಸಾಕು, ಅರ್ಧ ರಸ್ತೆ ದಾಟಿ ಎದುರು ಬದಿಯ ಲೆಕ್ಕಕ್ಕೆ ಸೇರುತ್ತದೆ. ಫೋನು ಪೂರ್ತಿ ಪ್ರಾಮಾಣಿಕವಾಗಿದ್ದರೂ ನೂರರಲ್ಲಿ ಸುಮಾರು 18 ಚುಕ್ಕೆಗಳು ಹೀಗೆ ತಪ್ಪು ಬದಿಗೆ ಬೀಳಬೇಕು. ಮಲ್ಲೇಶ್ವರದಂಥ ಕಡೆ ಅದೇ ಅಂತರ 10 ಮೀಟರಿಗಿಂತ ತುಸು ಹೆಚ್ಚಿದ್ದರೆ ನೂರಕ್ಕೆ 5ರಿಂದ 6 ಮಾತ್ರ. ಆದ್ದರಿಂದ ನಿಮ್ಮ ‘ತಪ್ಪು’ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದು ತಪ್ಪೇ ಅಲ್ಲ, ಮೊದಲೇ ನಿರೀಕ್ಷಿಸಬೇಕಾಗಿದ್ದ ಫಲಿತಾಂಶ. ಮಾರ್ಗದರ್ಶಕರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ.

ಉಳಿದ ಭಾಗಕ್ಕೆ ಕಾರಣ ಗೋಡೆಗಳು. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಹೊರಟು ತಲುಪಲು ಹಿಡಿದ ಕಾಲದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಆ ಕಾಲದಲ್ಲಿ ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ವ್ಯತ್ಯಾಸವಾದರೂ ದೂರದಲ್ಲಿ 30 ಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಪೇಟೆಯ ಗಲ್ಲಿಯಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವುದರಿಂದ ಬದಿಯ ಉಪಗ್ರಹಗಳ ನೇರ ಸಂಕೇತ ಕೆಳಗಿಳಿಯುವುದಿಲ್ಲ. ಎದುರು ಗೋಡೆಗೆ ಬಡಿದು ತಿರುಗಿ ಬಂದದ್ದನ್ನೇ ಫೋನು ನೇರ ಸಂಕೇತವೆಂದು ನಂಬುತ್ತದೆ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಗಲ್ಲಿಯೊಳಗೆ ನಿಂತು ತಲೆಯೆತ್ತಿದರೆ ಆಕಾಶ ರಸ್ತೆಯ ಉದ್ದಕ್ಕೆ ಒಂದು ಪಟ್ಟಿಯಂತೆ ಕಾಣುತ್ತದಲ್ಲವೇ? ಫೋನಿಗೆ ಕಾಣುವ ಉಪಗ್ರಹಗಳೂ ಆ ಪಟ್ಟಿಯೊಳಗಿನವು ಮಾತ್ರ. ಹೀಗಾಗಿ ರಸ್ತೆಯ ಉದ್ದಕ್ಕೆ ಸ್ಥಾನ ಚೆನ್ನಾಗಿ ಸಿಗುತ್ತದೆ, ಅಡ್ಡಕ್ಕೆ ಕೆಡುತ್ತದೆ. ನಿಮಗೆ ಬೇಕಾಗಿರುವುದು ಅಡ್ಡದ ನಿಖರತೆಯೇ. ಫೋನು ತೋರಿಸುವ ಒಂದೇ ಒಂದು ಅಂಕಿಯಲ್ಲಿ ಉದ್ದ ಅಡ್ಡಗಳ ಈ ಭೇದ ಅಡಗಿಹೋಗುತ್ತದೆ.

ಎರಡು ತರಂಗಾಂತರಗಳನ್ನು ಹಿಡಿಯುವ ಫೋನು ಸಿಕ್ಕರೆ ಅದನ್ನೇ ಬಳಸಿ. 2018ರಿಂದ ಇಂಥ ಫೋನುಗಳು ಮಾರುಕಟ್ಟೆಯಲ್ಲಿವೆ. ಆ ಎರಡರಲ್ಲಿ ಹಳೆಯದು ಎಲ್1, ಹೊಸದು ಎಲ್5. ಎಲ್1 ಸಂಕೇತದ ಒಂದು ತುಣುಕಿನ (ಸಂಕೇತದಲ್ಲಿ ಒಂದರ ಹಿಂದೊಂದು ಬರುವ ಸಣ್ಣ ಘಟಕದ) ಉದ್ದ ಸುಮಾರು 293 ಮೀಟರ್. ಎಲ್5 ಸಂಕೇತದ ತುಣುಕು ಅದರ ಹತ್ತರಲ್ಲಿ ಒಂದು. ತುಣುಕು ಚಿಕ್ಕದಾದಷ್ಟೂ ನೇರ ಸಂಕೇತವನ್ನೂ ಗೋಡೆಗೆ ಬಡಿದು ತಡವಾಗಿ ಬಂದದ್ದನ್ನೂ ಬೇರ್ಪಡಿಸುವುದು ಸುಲಭ. ನಮ್ಮ ಇಸ್ರೋದ ಸ್ಥಾನ ತಿಳಿಸುವ ನಾವಿಕ್ ಉಪಗ್ರಹಗಳು ಮೊದಲಿನಿಂದಲೂ ಎಲ್5ನಲ್ಲಿ ಪ್ರಸಾರ ಮಾಡುತ್ತಿವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಲ್1ನಲ್ಲಿಯೂ ಪ್ರಸಾರ ಮಾಡುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲಿನ ಕೆಲವು ಗಂಟೆಗಳಲ್ಲಿ ಕ್ಷೇತ್ರಕಾರ್ಯ ಬೇಡ. ನಾವು ಭೂಕಾಂತೀಯ ವಿಷುವದ್ರೇಖೆಗೆ ಹತ್ತಿರದಲ್ಲಿರುವುದರಿಂದ ಆ ಹೊತ್ತಿನಲ್ಲಿ ಸಂಕೇತವನ್ನು ಕೆಡಿಸುವ ಅಯಾನುಗೋಳದ (ವಾತಾವರಣದ ವಿದ್ಯುದಾವಿಷ್ಟ ಮೇಲ್ಪದರದ) ಕಲಕಾಟ ಇಲ್ಲಿ ಹೆಚ್ಚು.

ಎರಡು ನಿಮಿಷ ನಿಂತು ಸರಾಸರಿ ತೆಗೆದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಗೋಡೆಯಿಂದ ಒಂದೇ ಕೋನದಲ್ಲಿ ಬರುವ ಪ್ರತಿಫಲನ ನೂರು ಸಲವೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಆ ನೂರರ ಸರಾಸರಿಯೂ ಅಲ್ಲಿಯೇ ಇರುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಉಪಗ್ರಹಗಳ ಸ್ಥಾನ ಬದಲಾದ ಮೇಲೆ ಮತ್ತೆ ಅಳೆದರೆ ಮಾತ್ರ ದೋಷದ ನಿಜವಾದ ಹರವು ತಿಳಿಯುತ್ತದೆ. ಹೋಲಿಕೆಗೆ ನಂಬಿಕಸ್ಥ ಬಿಂದುಗಳೂ ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸಿಒಆರ್‌ಎಸ್ ಜಾಲಕ್ಕೆ (ಸದಾ ನಡೆಯುವ ಸ್ಥಿರ ಉಲ್ಲೇಖ ಕೇಂದ್ರಗಳ ಜಾಲ) ಜೋಡಿಸಿದ ರೋವರ್, ಅಂದರೆ ಒಯ್ಯಬಹುದಾದ ನಿಖರ ರಿಸೀವರ್, ಬಯಲಿನಲ್ಲಿ ಸೆಂಟಿಮೀಟರ್ ಮಟ್ಟದ ಸ್ಥಾನ ಕೊಡುತ್ತದೆ. ಆದರೆ ಫೋನನ್ನು ಕಾಡುವ ಗೋಡೆಗಳು ರೋವರನ್ನೂ ಬಿಡುವುದಿಲ್ಲ. ಗಲ್ಲಿಯ ಎರಡು ತುದಿಗಳಲ್ಲಿ, ಆಕಾಶ ತೆರೆದಿರುವ ಕಡೆ, ಬಿಂದುಗಳನ್ನು ಕೂರಿಸಿಕೊಂಡು ಅಲ್ಲಿಂದ ಕೋನವನ್ನೂ ದೂರವನ್ನೂ ಅಳೆಯುವ ಟೋಟಲ್ ಸ್ಟೇಷನ್ನಿನಲ್ಲಿಯೋ ಟೇಪು ಹಿಡಿದೋ ಒಳಕ್ಕೆ ಬನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯವಾದ ಮಾತು ಬೇರೆಯೇ ಇದೆ. ಕಣ್ಣಿಗೆ ಕಾಣುವುದನ್ನು ಉಪಗ್ರಹವನ್ನು ಏಕೆ ಕೇಳುತ್ತೀರಿ? ನೀವು ಯಾವ ಬದಿಯಲ್ಲಿ ನಿಂತಿದ್ದೀರಿ ಎಂಬುದು ನಿಮಗೆ ಗೊತ್ತಿದೆ. ಫಾರಂನಲ್ಲಿ ‘ಬದಿ’ ಎಂಬ ಒಂದು ಅಂಕಣ ಸೇರಿಸಿ, ಎದುರಿನ ಅಂಗಡಿಯ ಬೋರ್ಡು ಕಾಣುವಂತೆ ಒಂದು ಫೋಟೋ ತೆಗೆಯಿರಿ. ರಸ್ತೆಯ ಉದ್ದಕ್ಕೆ ಎಷ್ಟು ದೂರ ಎಂಬುದನ್ನು ಚುಕ್ಕೆ ಹೇಳಲಿ, ಯಾವ ಬದಿ ಎಂಬುದನ್ನು ನೀವು ಹೇಳಿ. ಹಳ್ಳಿಯಲ್ಲಿ ಬದುವಿನ ಮೇಲೆ ನಿಂತ ರೈತರು ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡಿಕೊಳ್ಳುತ್ತಾರೆ. ಯಾವ ಸರ್ವೆ ನಂಬರಿನ ಜಮೀನಿನಲ್ಲಿದ್ದೇವೆ ಎಂದು ತಿಳಿಯಲು ಅದು ಬಹಳ ಉಪಯುಕ್ತ. ಬಾಂದುಕಲ್ಲು ಎಲ್ಲಿತ್ತು ಎಂಬ ಜಗಳ ತೀರಿಸಲು ಅದನ್ನು ಹಿಡಿದರೆ ಜಗಳ ಇಮ್ಮಡಿಯಾಗುತ್ತದೆ. ಉಪಕರಣಕ್ಕೆ ಎಷ್ಟು ಕಾಣುತ್ತದೆಯೋ ಅಷ್ಟೇ ಪ್ರಶ್ನೆಯನ್ನು ಅದಕ್ಕೆ ಹಾಕಬೇಕು.

ಇನ್ನೊಂದು ಸಣ್ಣ ಎಚ್ಚರಿಕೆ. ಹಳೆಯ ಸ್ಥಳಾಕೃತಿ ನಕಾಶೆಯನ್ನು ಹಿನ್ನೆಲೆಗೆ ಇಟ್ಟುಕೊಂಡಿದ್ದರೆ ಭೂಮಿಯ ಆಕಾರಕ್ಕೆ ಅದು ಹಿಡಿದ ಆಧಾರ ಎವರೆಸ್ಟ್ ದೀರ್ಘಗೋಳ, ಫೋನಿನದು ಡಬ್ಲ್ಯುಜಿಎಸ್ 84 ಎಂಬ ಬೇರೆ ಆಧಾರ. ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ಬೆಂಗಳೂರಿನಲ್ಲಿ ನೂರು ಮೀಟರಿಗೂ ಮಿಕ್ಕಿದ ವ್ಯತ್ಯಾಸ ಬರುತ್ತದೆ. ಮೀಟರಿನಲ್ಲಿ ಅಳತೆ ಮಾಡುವಾಗ ಬೆಂಗಳೂರು ಯುಟಿಎಂನ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಪದ್ಧತಿ) 43ನೆಯ ವಲಯದಲ್ಲಿದೆ ಎಂಬುದು ನೆನಪಿರಲಿ. 78 ಡಿಗ್ರಿ ರೇಖಾಂಶ ದಾಟಿ ಕೋಲಾರಕ್ಕೆ ಹೋದರೆ 44ನೆಯದು.

ಉತ್ತರ 2: ದಾರಿಲೆಕ್ಕ

ಸರಪಳಿಯವರು ಹೇಳಿದ ಮೇಲೆ ಮೊದಲ ಪ್ರಶ್ನೆಯಲ್ಲಿ ನಾನು ಸೇರಿಸುವುದು ಹೆಚ್ಚಿಲ್ಲ. ಯಾವ ಉಪಗ್ರಹ ಕಟ್ಟಡದ ಮರೆಯಲ್ಲಿದೆ, ಯಾವುದು ಕಾಣುತ್ತಿದೆ ಎಂಬುದರಿಂದಲೇ ರಸ್ತೆಯ ಬದಿಯನ್ನು ಊಹಿಸುವ ‘ನೆರಳು ಹೊಂದಿಸುವ’ ವಿಧಾನವೊಂದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಾಲ್ ಗ್ರೋವ್ಸ್ 2011ರಲ್ಲಿ ಇದನ್ನು ಮಂಡಿಸಿದರು. ಅದಕ್ಕೆ ಕಟ್ಟಡಗಳ ಎತ್ತರಸಹಿತವಾದ ಮೂರು ಆಯಾಮದ ಮಾದರಿ ಬೇಕು. ನಿಮ್ಮ ಗಲ್ಲಿಯಲ್ಲಿ ಅಂತಸ್ತುಗಳನ್ನು ಎಣಿಸಿಕೊಂಡು ನೀವೇ ಅಂಥದ್ದೊಂದನ್ನು ಮಾಡಬಹುದು. ಆಂಡ್ರಾಯ್ಡ್ 7ರಿಂದ ಈಚೆಗೆ ಉಪಗ್ರಹಗಳ ಕಚ್ಚಾ ಅಳತೆಗಳನ್ನು ಫೋನಿನಿಂದ ಹೊರತೆಗೆಯಲು ಅವಕಾಶವಿದೆ. ಪ್ರಬಂಧದ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಕೆಲಸವಿದು. ಆದರೆ ಫಾರಂನ ಒಂದು ಅಂಕಣದಿಂದ ಮುಗಿಯುವ ಕೆಲಸಕ್ಕೆ ಇಷ್ಟು ಸಾಹಸ ಬೇಕೇ ಎಂಬುದನ್ನು ನೀವೇ ನಿರ್ಧರಿಸಬೇಕು.

ಬ್ಯಾಗಿನೊಳಗೆ ದಾಖಲೆ ನಿಲ್ಲುವುದಕ್ಕೆ ಬ್ಯಾಗು ಕಾರಣವಲ್ಲ, ಪರದೆ ಆರಿರುವುದು ಕಾರಣ. 2017ರ ಆಂಡ್ರಾಯ್ಡ್ 8ರಿಂದ, ಹಿನ್ನೆಲೆಗೆ ಸರಿದ ಆ್ಯಪಿಗೆ ಗಂಟೆಗೆ ಕೆಲವೇ ಸಲ ಮಾತ್ರ ಸ್ಥಾನ ಸಿಗುತ್ತದೆ. 2019ರ ಆಂಡ್ರಾಯ್ಡ್ 10ರಲ್ಲಿ ಹಿನ್ನೆಲೆಯಲ್ಲಿ ಸ್ಥಾನ ಪಡೆಯಲು ಬೇರೆಯೇ ಅನುಮತಿ ಬಂತು. ಬ್ಯಾಟರಿ ಉಳಿಸಲು ಫೋನು ತಯಾರಕರು ತಮ್ಮದೇ ನಿರ್ಬಂಧಗಳನ್ನು ಇದರ ಮೇಲೆ ಹೇರುತ್ತಾರೆ; ಒಂದೇ ಆ್ಯಪ್ ಒಂದು ಕಂಪನಿಯ ಫೋನಿನಲ್ಲಿ ಇಡೀ ದಿನ ನಡೆದು, ಇನ್ನೊಂದರಲ್ಲಿ ಹತ್ತು ನಿಮಿಷಕ್ಕೆ ಸಾಯುವುದು ಇದರಿಂದಲೇ. ‘ಜಾಡು ದಾಖಲಾಗುತ್ತಿದೆ’ ಎಂಬ ಸೂಚನೆ ಪರದೆಯ ಮೇಲ್ಭಾಗದಲ್ಲಿ ಸದಾ ಕಾಣುವಂತೆ ಆ್ಯಪಿನ ದಾಖಲಿಸುವ ಭಾಗವನ್ನು ಮುನ್ನೆಲೆಯಲ್ಲಿ ಓಡಿಸಿ. ಹೆಜ್ಜೆ ಎಣಿಸುವ ಸಂವೇದಕ ಎಚ್ಚರಗೊಂಡಾಗ ಮಾತ್ರ ಜಿಪಿಎಸ್ ಹೊತ್ತಿಕೊಳ್ಳುವಂತೆ ಮಾಡಿದರೆ, ಹೋಟೆಲಿನಲ್ಲಿ ಅರ್ಧ ಗಂಟೆ ಕೂತಿರುವಾಗ ಬ್ಯಾಟರಿ ಉಳಿಯುತ್ತದೆ. ಪ್ರತಿ ದಾಖಲೆಯ ಜೊತೆ ಫೋನಿನ ಮಾದರಿಯನ್ನೂ ಆಂಡ್ರಾಯ್ಡ್ ಆವೃತ್ತಿಯನ್ನೂ ಬರೆದಿಡಿ. ಇಲ್ಲವಾದರೆ ಜಾಡು ಎಲ್ಲಿ ತುಂಡಾಯಿತೋ ಅಲ್ಲಿ ಜನ ನಡೆಯಲೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಸಿಕ್ಕ ಜಾಡನ್ನು ರಸ್ತೆಗೆ ಹೊಂದಿಸುವುದು ಮುಂದಿನ ಹಂತ. 2009ರಲ್ಲಿ ನ್ಯೂಸನ್ ಮತ್ತು ಕ್ರುಮ್ ತೋರಿಸಿದ ಹಿಡನ್ ಮಾರ್ಕೋವ್ ಮಾದರಿ ಎಂಬ ಸಂಭವನೀಯತೆಯ ಲೆಕ್ಕದ ವಿಧಾನವನ್ನೇ ಇಂದಿಗೂ ಬಹಳ ಮಂದಿ ಬಳಸುತ್ತಾರೆ. ಪ್ರತಿ ಚುಕ್ಕೆಯನ್ನೂ ಹತ್ತಿರದ ರಸ್ತೆಗೆ ಎಳೆದುಬಿಡುವ ಬದಲು, ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಆ ರಸ್ತೆಯಲ್ಲಿ ಹೋಗುವುದು ಸಂಭವವೇ ಎಂಬುದನ್ನೂ ಅದು ತೂಗಿ ನೋಡುತ್ತದೆ. ವಾಹನಗಳಿಗೆ 30 ಸೆಕೆಂಡಿಗೊಂದು ಚುಕ್ಕೆ ಇದ್ದರೂ ಅದು ಚೆನ್ನಾಗಿ ನಡೆಯುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಡಬಲ್ ಡೆಕ್ಕರ್ ಮೇಲ್ಸೇತುವೆಯ ಕೆಳಗೂ ಮೇಲೂ ಒಂದೇ ಅಕ್ಷಾಂಶ ರೇಖಾಂಶ. ಅಲ್ಲಿ ಈ ವಿಧಾನಕ್ಕೂ ಗೊಂದಲವಾಗುತ್ತದೆ. ಫೋನಿನಲ್ಲಿ ವಾಯುಭಾರ ಸಂವೇದಕವಿದ್ದರೆ, ಒಂದು ಮೀಟರ್ ಏರಿದಾಗ ಸುಮಾರು 0.1 ಹೆಕ್ಟೊಪ್ಯಾಸ್ಕಲ್ ಕಡಿಮೆಯಾಗುವುದನ್ನು ಅದು ಗುರುತಿಸುತ್ತದೆ, ಸೇತುವೆ ಹತ್ತಿದ್ದು ಗೊತ್ತಾಗುತ್ತದೆ.

ಪಾದಚಾರಿಗಳ ವಿಷಯದಲ್ಲಿ ತೊಡಕು ಬೇರೆ, ಮತ್ತು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ನಾವು ಬಳಸುವ ನಕ್ಷೆಗಳಲ್ಲಿ ಸಾಮಾನ್ಯವಾಗಿ ರಸ್ತೆಯೆಂದರೆ ನಡುವೆ ಎಳೆದ ಒಂದೇ ಗೆರೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ) ಆ ಗೆರೆಗೆ ‘ಎಡಕ್ಕೆ ಫುಟ್‌ಪಾತ್ ಇದೆ, ಬಲಕ್ಕೆ ಇದೆ’ ಎಂದು ಟ್ಯಾಗ್ ಹಾಕಬಹುದು, ಇಲ್ಲವೆ ಫುಟ್‌ಪಾತನ್ನೇ ಪ್ರತ್ಯೇಕ ಗೆರೆಯಾಗಿ ಎಳೆಯಬಹುದು. ಎರಡೂ ಇಲ್ಲದ ರಸ್ತೆಯಲ್ಲಿ ನಿಮ್ಮ ಚುಕ್ಕೆ ಎಷ್ಟೇ ನಿಖರವಾಗಿದ್ದರೂ ಹೊಂದಿಸಲು ಬದಿಯೇ ಇರುವುದಿಲ್ಲ. ವಾಹನಗಳ ಜಾಡು ಕೋಟಿಗಟ್ಟಲೆ ಇರುವವರ ಬಳಿಯೂ, ಗಾಲಿಕುರ್ಚಿ ಎಲ್ಲಿ ಇಳಿಯಲಾರದು, ಯಾವ ಚಪ್ಪಡಿ ಅಲುಗಾಡುತ್ತದೆ ಎಂಬ ವಿವರ ತಾನಾಗಿ ಹುಟ್ಟುವುದಿಲ್ಲ. ಅದು ನಡೆದವರಿಗೆ ಮಾತ್ರ ಸಿಗುವ ಮಾಹಿತಿ.

ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. 2008ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಮೋಹನ್, ಪದ್ಮನಾಭನ್ ಮತ್ತು ರಾಮ್‌ಜೀ ‘ನೆರಿಸೆಲ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಅಮೆರಿಕದ ಹೆದ್ದಾರಿಗಳ ದಟ್ಟಣೆ ಅಳೆಯುವ ಪದ್ಧತಿ ಇಲ್ಲಿಗೆ ಒಗ್ಗುವುದಿಲ್ಲವೆಂದು ಕಂಡು, ರಸ್ತೆಯ ಗುಂಡಿಗಳನ್ನು ಫೋನಿನ ವೇಗೋತ್ಕರ್ಷ ಸಂವೇದಕದಿಂದಲೂ ಹಾರ್ನ್ ಸದ್ದನ್ನು ಮೈಕಿನಿಂದಲೂ ಪತ್ತೆಹಚ್ಚಿದರು. ಫೋನು ಜೇಬಿನಲ್ಲಿ ಹೇಗೆ ಬೇಕಾದರೂ ತಿರುಗಿಕೊಂಡಿರಬಹುದು. ಆದ್ದರಿಂದ ಮೇಲು ಕೆಳಗು ಯಾವುದೆಂದು ಲೆಕ್ಕದಿಂದಲೇ ಸರಿಪಡಿಸಿಕೊಳ್ಳುವ ಕ್ರಮವನ್ನು ಅವರು ರೂಪಿಸಿದರು. ಜಿಪಿಎಸ್ ಬ್ಯಾಟರಿ ತಿನ್ನುತ್ತದೆಂದು ಮೊಬೈಲ್ ಟವರುಗಳ ಸಂಕೇತದಿಂದ ಸ್ಥೂಲವಾದ ಸ್ಥಾನವನ್ನು ಪಡೆದು, ಬೇಕಾದಾಗ ಮಾತ್ರ ಜಿಪಿಎಸ್ ಹೊತ್ತಿಸಿದರು. ದತ್ತಾಂಶದ ಗಾತ್ರಕ್ಕಿಂತ ಬೆಂಗಳೂರಿನ ರಸ್ತೆಯ ಸ್ವಭಾವವನ್ನು ನೋಡಿ ಪ್ರಶ್ನೆ ಕಟ್ಟಿದ್ದೇ ಆ ಕೆಲಸದ ಬಲ. ಅದರ ಜೊತೆಗೆ ಹೋಲಿಸಿದರೆ ನಿಮ್ಮ ವಿಷಯ ಯಾವ ರೀತಿಯಲ್ಲಿಯೂ ಸಣ್ಣದಲ್ಲ.

ಉತ್ತರ 3: ಗುಬ್ಬಚ್ಚಿ

ಮೇಲಿನ ಇಬ್ಬರೂ ಜಾಡನ್ನು ಹೇಗೆ ಹಿಡಿಯುವುದೆಂದು ಹೇಳಿದರು. ಹಿಡಿಯಬೇಕೇ ಎಂಬುದನ್ನು ನಾನು ಕೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಸಾರ್ವಜನಿಕ ಆರೋಗ್ಯದ ಒಂದು ಯೋಜನೆಯಲ್ಲಿ, ಮನೆಮನೆಗೆ ಹೋಗುವ ಕಾರ್ಯಕರ್ತೆಯರ ಸಂಚಾರವನ್ನು ಅವರದೇ ಫೋನುಗಳಲ್ಲಿ ದಾಖಲಿಸಿದ್ದೆವು. ಉದ್ದೇಶ ಒಳ್ಳೆಯದೇ ಇತ್ತು: ಅವರು ದಿನಕ್ಕೆ ಎಷ್ಟು ನಡೆಯುತ್ತಾರೆ, ಯಾವ ಬೀದಿಗಳು ಅವರ ಪಾಲಿಗೆ ದೂರವಾಗುತ್ತವೆ ಎಂದು ತಿಳಿಯುವುದು. ಹೆಸರು ತೆಗೆದು ಸಂಖ್ಯೆ ಹಾಕಿ, ಕಡತವನ್ನು ಸಹಯೋಗಿ ಸಂಸ್ಥೆಯೊಂದಕ್ಕೆ ಕಳುಹಿಸಿದೆವು. ಪ್ರತಿ ಜಾಡೂ ಬೆಳಿಗ್ಗೆ ಯಾವ ಮನೆಯಿಂದ ಹೊರಡುತ್ತದೆ, ರಾತ್ರಿ ಎಲ್ಲಿಗೆ ಮರಳುತ್ತದೆ ಎಂಬುದು ಅದರಲ್ಲಿಯೇ ಇತ್ತು. ಅಲ್ಲಿನ ಒಬ್ಬರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾಲ್ಕು ಸಂಖ್ಯೆಗಳಿಗೆ ಹೆಸರು ಹಚ್ಚಿದರು. ಮುಂದಿನ ವಾರ ಒಬ್ಬ ಕಾರ್ಯಕರ್ತೆಯನ್ನು ‘ಮಂಗಳವಾರ ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ನಿಮಗೇನು ಕೆಲಸವಿತ್ತು’ ಎಂದು ಕೇಳಲಾಯಿತು. ಆಕೆ ಯಾರಿಗೂ ಹೇಳದೆ ತನ್ನ ಚಿಕಿತ್ಸೆಗೆ ಹೋಗಿದ್ದರು. ಆ ಪ್ರಶ್ನೆ ಕೇಳಿದವರಷ್ಟೇ ಹೊಣೆ ನನ್ನ ಮೇಲೂ ಇದೆ. ಕಡತ ಕಳುಹಿಸಿದ ಕೈ ನನ್ನದು.

ಇದು ನಮ್ಮೊಬ್ಬರ ಎಡವಟ್ಟಲ್ಲ, ಸ್ಥಳದ ಮಾಹಿತಿಯ ಸ್ವಭಾವವೇ ಹೀಗೆ. ಸಂಶೋಧಕ ದ ಮೊಂಜೋಯ್ ಮತ್ತು ಸಂಗಡಿಗರು 2013ರಲ್ಲಿ, 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಸ್ಥಾನ ಟವರಿನಷ್ಟು ಸ್ಥೂಲ, ಸಮಯ ಗಂಟೆಯಷ್ಟು ಸ್ಥೂಲ. ಆದರೂ ಯಾವುದೇ ನಾಲ್ಕು ಸ್ಥಳ ಮತ್ತು ಸಮಯ ತಿಳಿದಿದ್ದರೆ ಶೇಕಡ 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದಿತ್ತು. ವ್ಯಾಯಾಮದ ಓಟ, ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನ ಜಾಗತಿಕ ಓಟದ ನಕ್ಷೆಯಲ್ಲಿ ಯಾರ ಹೆಸರೂ ಇರಲಿಲ್ಲ; ಆದರೂ ಮರುಭೂಮಿಯ ನಡುವೆ ಸೈನಿಕರು ಓಡಿದ ವರ್ತುಲಗಳು ಹೊಳೆದು, ಸೇನಾ ನೆಲೆಗಳು ಎಲ್ಲಿವೆಯೆಂದು 2018ರ ಜನವರಿಯಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು.

ಜಾಡಿನ ಎರಡು ತುದಿಗಳಿಂದ 200 ಮೀಟರ್ ಕತ್ತರಿಸಿದರೆ ಸಾಕು ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ. ಮನೆಯನ್ನೇ ಕೇಂದ್ರವಾಗಿಟ್ಟು ಪ್ರತಿದಿನ ಅಷ್ಟೇ ಕತ್ತರಿಸಿದರೆ, ಕತ್ತರಿಸಿದ ತುದಿಗಳೆಲ್ಲ ಸೇರಿ ಒಂದು ವೃತ್ತವಾಗುತ್ತವೆ. ಅದರ ನಡುವೆ ಬೆರಳಿಟ್ಟರೆ ಮನೆ. ಕತ್ತರಿಸಲೇಬೇಕಾದರೆ ಕೇಂದ್ರವನ್ನು ಮನೆಯಿಂದ ಬೇರೆಡೆಗೆ ಜರುಗಿಸಿ ಕತ್ತರಿಸಬೇಕು. ಅದಕ್ಕಿಂತ ಒಳ್ಳೆಯದು, ಜಾಡನ್ನು ಫೋನಿನಿಂದ ಹೊರಗೆ ತರದಿರುವುದು. ನಿಮಗೆ ಬೇಕಾಗಿರುವುದು ‘ಈ ಫುಟ್‌ಪಾತಿನ ಈ ತುಂಡಿನಲ್ಲಿ ಎಷ್ಟು ಜನ ರಸ್ತೆಗೆ ಇಳಿದು ನಡೆದರು’ ಎಂಬ ಎಣಿಕೆ. ಆ ಎಣಿಕೆಯನ್ನು ಫೋನೇ ಮಾಡಲಿ, ಸಂಖ್ಯೆ ಮಾತ್ರ ನಿಮಗೆ ಬರಲಿ. ದಾರಿಲೆಕ್ಕದವರ ಹೊಂದಿಸುವ ವಿಧಾನವನ್ನು ಫೋನಿನಲ್ಲಿಯೇ ಓಡಿಸಲು ಇಷ್ಟು ಚಿಕ್ಕ ಪ್ರದೇಶಕ್ಕೆ ಏನೂ ಕಷ್ಟವಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಸಂಶೋಧನೆಗೆ ಒಂದು ವಿನಾಯಿತಿ ಇದೆ ಎಂದು ನಿಮ್ಮ ವಿಭಾಗದಲ್ಲಿ ಯಾರಾದರೂ ಹೇಳಬಹುದು. ಆ ದತ್ತಾಂಶವನ್ನು ನಿರ್ದಿಷ್ಟ ವ್ಯಕ್ತಿಯ ಕುರಿತ ನಿರ್ಧಾರಕ್ಕೆ ಬಳಸಬಾರದು ಎಂಬ ಷರತ್ತೂ ಅದರ ಪಕ್ಕದಲ್ಲಿಯೇ ಇದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದಕ್ಕಿಂತ ಕೂತು ಓದಿ ಹೇಳಿ. ಬಿಟ್ಟು ಹೋಗಬೇಕೆನ್ನುವವರು ಯಾವ ಗುಂಡಿ ಒತ್ತಬೇಕು ಎಂಬುದನ್ನೂ ಅದೇ ಹೊತ್ತಿನಲ್ಲಿ ತೋರಿಸಿ. ಆಂಡ್ರಾಯ್ಡ್ 12ರಿಂದ ಬಳಕೆದಾರರು ಅಂದಾಜು ಸ್ಥಾನವನ್ನು ಮಾತ್ರ ಕೊಡಬಹುದು. ಹಾಗೆ ಕೊಟ್ಟವರನ್ನು ಬೆನ್ನುಹತ್ತಿ ಒತ್ತಾಯಿಸಬೇಡಿ.

ಉತ್ತರ 4: ನಾಲ್ಕನೇ ಅಡ್ಡರಸ್ತೆ

ಒಂದು ಚಿಕ್ಕ ಮಾತು. ‘ಎಡಬದಿ, ಬಲಬದಿ’ ಎಂದು ಅಂಕಣ ಮಾಡಿಕೊಂಡರೆ ಇನ್ನೊಂದು ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಯಾರ ಎಡ? ಸಂಪಿಗೆ ರಸ್ತೆಯಲ್ಲಿ ಮೇಲಿನಿಂದ ಇಳಿಯುವವರ ಎಡ, ಕೆಳಗಿನಿಂದ ಹತ್ತುವವರ ಬಲ. ನಮ್ಮ ಜನ ದಾರಿ ಹೇಳುವಾಗ ‘ಗುಡಿ ಇರೋ ಬದಿ’, ‘ಬಸ್‌ಸ್ಟಾಪ್ ಕಡೆ’, ‘ಹೂವಿನ ಅಂಗಡಿ ಸಾಲು’ ಎನ್ನುತ್ತಾರೆ, ಅದರಲ್ಲಿ ಗೊಂದಲವಿಲ್ಲ. ನಿಮ್ಮ ಸೇವೆಯೂ ಹಾಗೆಯೇ ಮಾತಾಡಲಿ. ಪ್ರತಿ ಬಡಾವಣೆಯಲ್ಲಿಯೂ ಒಂದು ನಾಲ್ಕನೇ ಅಡ್ಡರಸ್ತೆ ಇರುವ ಊರಿನಲ್ಲಿ, ಒಂದೇ ಗೇಟಿಗೆ ಹಳೆಯ ನಂಬರ್, ಹೊಸ ನಂಬರ್ ಎರಡೂ ಬರೆದಿರುವ ಊರಿನಲ್ಲಿ, ವಿಳಾಸಕ್ಕಿಂತ ಗುರುತಿನ ನಂಬಿಕೆಯೇ ಹೆಚ್ಚು.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಬಳಸಬಹುದಲ್ಲ ಎನ್ನಿಸಬಹುದು. ಅದು ದೇಶವನ್ನೆಲ್ಲ ಸುಮಾರು 4 ಮೀಟರ್ ಚೌಕಗಳಾಗಿ ಹೆಣೆದು ಪ್ರತಿಯೊಂದಕ್ಕೂ ಹತ್ತು ಅಕ್ಷರಗಳ ಸಂಕೇತ ಕೊಡುತ್ತದೆ. ಆದರೆ ಸರಪಳಿಯವರ ಲೆಕ್ಕದಂತೆ ಫೋನಿನ ದೋಷವೇ 8 ಮೀಟರ್ ಇದ್ದರೆ, ನೀವು ನಿಂತ ಜಾಗ ಅಕ್ಕಪಕ್ಕದ ಹತ್ತಾರು ಚೌಕಗಳಲ್ಲಿ ಯಾವುದೂ ಆಗಬಹುದು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಬೀದಿಗೂ ಗುಡಿಗೂ ಕನ್ನಡದ ಹೆಸರು ಬರೆಯಲು ಪ್ರತ್ಯೇಕ ಅಂಕಣವಿದೆ. ಸುತ್ತುವಾಗ ಅದನ್ನೂ ತುಂಬಿಕೊಂಡು ಹೋಗಿ. ಇಂಗ್ಲಿಷ್ ಕಾಗುಣಿತದಲ್ಲಿ ನಾಲ್ಕು ರೀತಿ ಬರೆಯುವ ಹೆಸರು ಕನ್ನಡದಲ್ಲಿ ಒಂದೇ ಇರುವುದರಿಂದ ಹುಡುಕುವುದೂ ಸುಲಭವಾಗುತ್ತದೆ.

ನಕಾಶೆಪ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ, ಅಂಗಡಿಗಳ ಷಟರ್ ಏಳುವ ಮೊದಲು, ತಮ್ಮನನ್ನು ಕರೆದುಕೊಂಡು ಅದೇ ಗಲ್ಲಿಗೆ ಹೋಗಿದ್ದೆ. ಟೇಪು ಹಿಡಿದು ನೋಡಿದರೆ ಎರಡು ಫುಟ್‌ಪಾತುಗಳ ಅಂತರ ನಾನು ಊಹಿಸಿದ್ದಕ್ಕಿಂತಲೂ ಕಡಿಮೆ, 5 ಮೀಟರಿಗೆ ಒಂದು ಗೇಣು ಹೆಚ್ಚು. ಚರಂಡಿ ಮುಚ್ಚಳದ ಮೂಲೆಯೊಂದರ ಮೇಲೆ ಫೋನಿಟ್ಟು ಹತ್ತು ನಿಮಿಷ ನೋಡುತ್ತ ನಿಂತೆ. ಚುಕ್ಕೆ ಉದ್ದಕ್ಕೆ ಹೆಚ್ಚು ಅಲುಗಾಡಲಿಲ್ಲ. ಅಡ್ಡಕ್ಕೆ ಮಾತ್ರ ಎದುರಿನ ಬಟ್ಟೆ ಅಂಗಡಿಯೊಳಕ್ಕೆ ಹೋಗಿ ಅಲ್ಲಿಯೇ ಕುಳಿತುಬಿಟ್ಟಿತು. ಸರಾಸರಿ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದು ಓದಿದ್ದಕ್ಕಿಂತ ನೋಡಿದಾಗ ಚೆನ್ನಾಗಿ ಅರ್ಥವಾಯಿತು.

ಸ್ವಯಂಸೇವಕರ ಜಾಡು ಸಂಗ್ರಹಿಸುವ ಭಾಗವನ್ನು ಪ್ರಸ್ತಾವನೆಯಿಂದ ತೆಗೆಯುತ್ತಿದ್ದೇನೆ. ಗುಬ್ಬಚ್ಚಿಯವರು ಹೇಳಿದಂತೆ ತುಂಡುವಾರು ಎಣಿಕೆ ಮಾತ್ರ ಇರುತ್ತದೆ. ಫಾರಂನಲ್ಲಿ ‘ಬದಿ’ಯ ಅಂಕಣಕ್ಕೆ ಎರಡು ಗುರುತುಗಳ ಪಟ್ಟಿ ಕೊಡುತ್ತಿದ್ದೇನೆ, ಉದಾಹರಣೆಗೆ ‘ಗುಡಿಯ ಬದಿ’, ‘ಬ್ಯಾಂಕಿನ ಬದಿ’. ಪ್ರತಿ ಬೀದಿಗೂ ಪಟ್ಟಿ ಬೇರೆ. ಒಂದೇ ಸಂದೇಹ ಉಳಿದಿದೆ. ಕೆಲಸ ಬೇಗ ಸಾಗಲೆಂದು ಹಿಂದಿನ ದಾಖಲೆಯ ಬದಿಯೇ ಮುಂದಿನದಕ್ಕೂ ತಾನಾಗಿ ತುಂಬಿಕೊಳ್ಳುವಂತೆ ಇಡಬಹುದೇ?

ಸರಪಳಿ

ಬೇಡ. ಆ ಅಂಕಣ ಪ್ರತಿ ಸಲ ಖಾಲಿಯಾಗಿಯೇ ತೆರೆಯಲಿ, ತುಂಬದೆ ಉಳಿಸಲು ಬಿಡದಿರಲಿ. ತಾನಾಗಿ ತುಂಬಿದ್ದನ್ನು ದಣಿದ ಕೈ ತಿದ್ದುವುದಿಲ್ಲ. ರಸ್ತೆ ದಾಟಿದ ಮೇಲೂ ನಾಲ್ಕಾರು ದಾಖಲೆಗಳು ಹಳೆಯ ಬದಿಯ ಹೆಸರಿನಲ್ಲಿಯೇ ಹೋಗುತ್ತವೆ. ಫೋನಿನ ತಪ್ಪಿಗೆ ಶೇಕಡ 68 ಎಂಬ ಲೆಕ್ಕವಾದರೂ ಇದೆ, ಇದಕ್ಕೆ ಅದೂ ಇರುವುದಿಲ್ಲ. ಮುಂದಿನ ಭಾನುವಾರ ಹೋಗುವುದಾದರೆ ಮೊದಲೇ ಇಲ್ಲಿ ಬರೆಯಿರಿ. ನನ್ನ ಬಳಿ 30 ಮೀಟರಿನ ಉಕ್ಕಿನ ಟೇಪು ಇದೆ, ಬಟ್ಟೆಯ ಟೇಪು ಎಳೆದರೆ ಹಿಗ್ಗುತ್ತದೆ.